ಎಕ್ಸ್‌ಪ್ರೆಸ್ ಎಂಬ ನಿಧಾನಸ್ಥ

ನಮ್ಮ ಬ್ಯಾಂಡಿನ ಡ್ರಮ್ಮರ್‌ಗೆ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟವನು ನಾನೇ. ಆಗ ನಾವು ಒಂಬತ್ತನೇ ತರಗತಿ. ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ, ಹರಿದ ವಾಲಿಬಾಲ್ ನೆಟ್ಟಿನ ಪಕ್ಕದಲ್ಲಿ ನಮ್ಮ ಎರಡನೆಯದೋ ಮೂರನೆಯದೋ ಅಭ್ಯಾಸ. ನಿಧಾನವಾಗಿ ಶುರುವಾದ ಹಾಡು ಮುಗಿಯುವ ಹೊತ್ತಿಗೆ ಎದ್ದೂ ಬಿದ್ದೂ ಓಡುತ್ತಿತ್ತು. ಹಾಡು ಓಡಿದರೆ ತಪ್ಪು ಡ್ರಮ್ಮಿನವನದೇ. ಅದಕ್ಕೊಂದು ವಿಚಾರಣೆ ಬೇಕೆಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

"ಲೇ ಎಕ್ಸ್‌ಪ್ರೆಸ್, ನಡುವೆ ಒಂದೆರಡು ಸ್ಟೇಷನ್‌ನಲ್ಲಾದ್ರೂ ನಿಲ್ಲಿಸೋ" ಎಂದೆ.

ಎಲ್ಲರೂ ನಕ್ಕರು, ಅವನೂ ನಕ್ಕ. ಅಂದು ಅಂಟಿದ ಹೆಸರು ಮತ್ತೆ ಬಿಡಲಿಲ್ಲ. ಅವನ ಹೆಂಡತಿ ಕೂಡ ಫೋನಿನಲ್ಲಿ "ಎಕ್ಸ್‌ಪ್ರೆಸ್ ಸ್ನಾನಕ್ಕೆ ಹೋಗಿದ್ದಾರೆ, ಒಂದು ಗಂಟೆ ಬಿಟ್ಟು ಮಾಡಿ" ಎನ್ನುತ್ತಾಳೆ.

ಆ ಒಂದು ಗಂಟೆ ಉತ್ಪ್ರೇಕ್ಷೆಯೇನಲ್ಲ. ಡ್ರಮ್ಮಿನ ಮುಂದೆ ಕೂತಾಗ ಬಿಟ್ಟರೆ ಅವನಷ್ಟು ನಿಧಾನಸ್ಥ ನಮ್ಮೂರಲ್ಲಿ ಇನ್ನೊಬ್ಬನಿಲ್ಲ. ಅಪ್ಪನಿಂದ ಬಂದ ಬೇಕರಿ ಅವನದು. ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚಿಟ್ಟರೆ ಅದು ಉಬ್ಬುವವರೆಗೆ ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಾನೆ. ಪೇಪರ್ ಓದುವುದಿಲ್ಲ, ಫೋನ್ ನೋಡುವುದಿಲ್ಲ. ಏನು ಮಾಡ್ತಿದ್ದೀಯ ಎಂದು ಕೇಳಿದರೆ "ಹಿಟ್ಟು ಏಳ್ತಾ ಇದೆ" ಎನ್ನುತ್ತಾನೆ. ಬೀದಿಯಲ್ಲಿ ಯಾರಾದರೂ ವಿಳಾಸ ಕೇಳಿದರೆ ಉತ್ತರ ಮುಗಿಯುವಷ್ಟರಲ್ಲಿ ಅವರು ಅರ್ಧ ದಾರಿ ನಡೆದು ಹೋಗಿರುತ್ತಾರೆ. ಇಂಥ ಮನುಷ್ಯನ ಕೈಗೆ ಎರಡು ಕೋಲು ಕೊಟ್ಟ ಕೂಡಲೇ ಅವಸರ ಎಲ್ಲಿಂದ ಬರುತ್ತದೆ ಎಂದು ಮೂವತ್ತೆರಡು ವರ್ಷದಲ್ಲಿ ನಾವು ಒಂದು ಸಲವಾದರೂ ಕೇಳಿಕೊಳ್ಳಬಹುದಿತ್ತು. ಕೇಳಿಕೊಳ್ಳಲಿಲ್ಲ.

ನಾವು ನಾಲ್ವರು. ಹಾಡುವವನು ವಕೀಲ. ಕೀಬೋರ್ಡು ಹಲ್ಲಿನ ಡಾಕ್ಟರದು. ಗಿಟಾರು ನನ್ನದು, ಹೊಟ್ಟೆಪಾಡಿಗೆ ಡ್ರೈವಿಂಗ್ ಸ್ಕೂಲು. ಶಾಲೆ ಮುಗಿದ ಮೇಲೆ ಕಾಲೇಜು, ಕೆಲಸ, ಮದುವೆ, ಮಕ್ಕಳು ಅಂತ ಎಲ್ಲರಿಗೂ ಆಗುವುದೆಲ್ಲ ನಮಗೂ ಆಯಿತು. ಬ್ಯಾಂಡಿನ ಹೆಸರು ಐದು ಸಲ ಬದಲಾಯಿತು, ಜನ ಬದಲಾಗಲಿಲ್ಲ. ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ, ಒಲೆ ಆರಿದ ಮೇಲೆ, ಬೇಕರಿಯ ಹಿಂದಿನ ಗೋದಾಮಿನಲ್ಲಿ ಸೇರುತ್ತಿದ್ದೆವು. ಮೈದಾ ಮೂಟೆಗಳು ಸದ್ದನ್ನೆಲ್ಲ ಹೀರಿಕೊಳ್ಳುವುದರಿಂದ ನೆರೆಯವರ ಕಾಟವಿರಲಿಲ್ಲ. ಅಭ್ಯಾಸ ಮುಗಿಯುವ ಹೊತ್ತಿಗೆ ಕೀಬೋರ್ಡಿನ ಕಪ್ಪು ಮನೆಗಳೂ ಬೆಳ್ಳಗಾಗಿರುತ್ತಿದ್ದವು. ವಕೀಲ ಕೆಮ್ಮುತ್ತ ಮನೆಗೆ ಹೋಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ.

ನಮ್ಮ ಹಾಡುಗಳು ನಮ್ಮವೇ. ಅವುಗಳಲ್ಲಿ ಮುಖ್ಯವಾದದ್ದು ದೋಣಿಯ ಹಾಡು. ಹತ್ತನೇ ತರಗತಿಯಲ್ಲಿ ವಕೀಲ ಬರೆದದ್ದು. ಸಂಜೆ ಹೊತ್ತು ಒಬ್ಬ ಮುದುಕ ಒಂಟಿಯಾಗಿ ಹುಟ್ಟು ಹಾಕುತ್ತ ನದಿ ದಾಟುವ, ತೀರಾ ನಿಧಾನದ ಹಾಡು. ನಾವು ನುಡಿಸಿದರೆ ಮೂರನೇ ಚರಣದ ಹೊತ್ತಿಗೆ ಆ ದೋಣಿಗೆ ಮೋಟರು ಬಂದಿರುತ್ತಿತ್ತು. ಮುದುಕ ದಡಕ್ಕೆ ಗುದ್ದಿಕೊಂಡೇ ನಿಲ್ಲುತ್ತಿದ್ದ. ಆಮೇಲೆ ಮೂವರೂ ಡ್ರಮ್ಮಿನ ಕಡೆ ತಿರುಗುತ್ತಿದ್ದೆವು.

ಅವನು ಒಂದು ದಿನವೂ ಎದುರಾಡಿದವನಲ್ಲ. "ಮುಂದಿನ ಸಲ ನೋಡ್ಕೋತೀನಿ" ಎನ್ನುತ್ತಿದ್ದ, ಅಷ್ಟೇ. ನಡುವೆ ಎಲ್ಲಿಂದಲೋ ಟಿಕ್ ಟಿಕ್ ಎಂದು ತಾಳ ಹೇಳುವ ಯಂತ್ರವೊಂದನ್ನು ತಂದು ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟುಕೊಂಡ. ಅದಕ್ಕೂ ಅವನ ಕಾಲೆಳೆದೆವು.

ಈ ವರ್ಷ ನಮ್ಮ ಶಾಲೆಗೆ ಐವತ್ತು ತುಂಬಿತು. ಹಳೆ ವಿದ್ಯಾರ್ಥಿಗಳ ಕಾರ್ಯಕ್ರಮದಲ್ಲಿ ಆ ದೋಣಿಯ ಹಾಡನ್ನು ನುಡಿಸಬೇಕೆಂದು ಶಾಲೆಯ ಈಗಿನ ಸಂಗೀತದ ಟೀಚರ್ ಕೇಳಿಕೊಂಡರು. ನಾವು ಉಬ್ಬಿಹೋದೆವು. ಆದರೆ ಅಭ್ಯಾಸದಲ್ಲಿ ಹಾಡು ಎಂದಿನಂತೆ ಓಡಿತು. ನನಗೆ ತಲೆ ಕೆಟ್ಟಿತು.

"ಮೂವತ್ತೆರಡು ವರ್ಷ ಆಯ್ತಲ್ಲೋ. ಒಂದು ಹಾಡನ್ನಾದ್ರೂ ನೆಟ್ಟಗೆ ದಡ ಮುಟ್ಟಿಸಿದ್ದೀಯಾ?" ಎಂದುಬಿಟ್ಟೆ.

ಅವನ ಮುಖ ಸಣ್ಣದಾಯಿತು. ಮುಂದಿನ ಭಾನುವಾರ ನಾವು ಹೋದಾಗ ಡ್ರಮ್ಮುಗಳನ್ನು ಒರೆಸಿ ಸಾಲಾಗಿ ಇಟ್ಟಿದ್ದ. ತಾನು ಮಾತ್ರ ಕೂರಲಿಲ್ಲ.

"ಈ ಸಲ ನಾನು ಬೇಡ" ಎಂದ, ತನ್ನ ನಿಧಾನದಲ್ಲೇ. "ಆ ಟೀಚರ್‌ಗೆ ಡ್ರಮ್ ಬರುತ್ತಂತೆ, ಕೇಳಿದೀನಿ, ಒಪ್ಕೊಂಡಿದಾರೆ. ಹಾಡು ಶಾಲೆಯಲ್ಲಿ ಒಂದ್ಸಲವಾದ್ರೂ ಸರಿಯಾಗಿ ಬರ್ಲಿ. ಆಮೇಲೂ ಅವರೇ ಮುಂದುವರಿಸಿದ್ರೆ ಒಳ್ಳೇದೇ. ಜಾಗ ಇಲ್ಲೇ ಇದೆ, ನೀವು ಬರ್ತಾ ಇರಿ."

ಛೇ ಛೇ, ಹಾಗೇನಿಲ್ಲ ಎಂದೆವು. ಮರ್ಯಾದೆಗೆ ಎಷ್ಟು ಬೇಕೋ ಅಷ್ಟು ಹೊತ್ತು ಹೇಳಿದೆವು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಾಯೆನಿಸಿತ್ತು.

ಮರುವಾರ ಟೀಚರ್ ಬಂದರು. ನಮಗೆ ಸಂಕೋಚವಾಗಬಾರದೆಂದು ಅವನು ಮುಂಭಾಗದ ಅಂಗಡಿಗೆ ಹೋಗಿ ಗಲ್ಲಾದ ಹತ್ತಿರ ಕೂತ. ಹಾಡು ಚೆನ್ನಾಗಿ ಶುರುವಾಯಿತು. ಎರಡನೇ ಚರಣಕ್ಕೆ ವಕೀಲ ಏದುಸಿರು ಬಿಡತೊಡಗಿದ. ಮೂರನೇ ಚರಣಕ್ಕೆ ಟೀಚರ್ ಕೋಲು ಕೆಳಗಿಟ್ಟರು.

"ಸ್ವಲ್ಪ ಓಡ್ತಾ ಇದೆ" ಎಂದರು.

ಡಾಕ್ಟರು ನನ್ನ ಕಿವಿಯಲ್ಲಿ "ಈಯಮ್ಮನೂ ಓಡ್ತಾರಲ್ಲೋ" ಎಂದು ಪಿಸುಗುಟ್ಟಿದ. ನಾನು ತಲೆಯಾಡಿಸಿದೆ. ಬಹುಶಃ ಆ ಡ್ರಮ್ಮುಗಳಲ್ಲೇ ಏನೋ ದೋಷವಿರಬೇಕು ಎಂಬ ಯೋಚನೆಯೂ ನನಗೆ ಬಂತು ಎಂದರೆ ನಮ್ಮ ಬುದ್ಧಿಯ ಮಟ್ಟ ನಿಮಗೆ ತಿಳಿದೀತು.

ಟೀಚರ್ ತಮ್ಮ ಫೋನಿನಲ್ಲಿ ತಾಳದ ಸದ್ದು ಹಾಕಿ ಸ್ಪೀಕರಿಗೆ ಕೊಟ್ಟರು. ಅದಕ್ಕೆ ಸರಿಯಾಗಿ ನುಡಿಸಿ ಎಂದರು. ಅರ್ಧ ಹಾಡಿನಲ್ಲಿ ನಾವೊಂದು ಕಡೆ, ಫೋನೊಂದು ಕಡೆ.

"ಟೀಚರ್, ನಿಮ್ಮ ಫೋನು ನಿಧಾನ ಆಗ್ತಿದೆ" ಎಂದೆ. "ಚಾರ್ಜ್ ಕಮ್ಮಿ ಆಗಿರ್ಬೇಕು ನೋಡಿ."

ಅವರು ನಗಲಿಲ್ಲ. ದೊಡ್ಡ ಮನಸ್ಸಿನವರು. ಒಬ್ಬೊಬ್ಬರೇ ನುಡಿಸಿ ಎಂದರು. ಡಾಕ್ಟರು ನುಡಿಸಿದ, ಫೋನಿನ ಜೊತೆಗೇ ಇದ್ದ. ವಕೀಲ ಹಾಡಿದ, ಅವನೂ ಇದ್ದ. ನಾನು ಗಿಟಾರ್ ಎತ್ತಿಕೊಂಡೆ. ನಾಲ್ಕನೇ ಸಾಲಿಗೆ ಫೋನು ನನಗಿಂತ ಹಿಂದೆ ಬಿದ್ದಿತ್ತು. ಎಂಟನೇ ಸಾಲಿಗೆ ಎಲ್ಲೋ ದೂರದಲ್ಲಿತ್ತು.

"ಸರ್, ನೀವು" ಎಂದರು ಟೀಚರ್.

"ಆರೋಪಿ ಸಿಕ್ಕಿಬಿದ್ದ" ಎಂದು ವಕೀಲ ತೊಡೆ ತಟ್ಟಿ ನಕ್ಕ. ಮರುಕ್ಷಣ ಅವನ ನಗುವೂ ನಿಂತಿತು. ಡಾಕ್ಟರ ಫೋನಿನಲ್ಲಿ ಹಳೆಯ ಅಭ್ಯಾಸದ ರೆಕಾರ್ಡಿಂಗ್ ಇತ್ತು. ಟೀಚರ್ ಅದನ್ನು ಎರಡು ಸಲ ಕೇಳಿದರು. "ಇಲ್ಲಿ ಗಿಟಾರ್ ಮುಂದೆ ಹೋಗುತ್ತೆ. ಡ್ರಮ್ಮಿನವರು ಎರಡು ಸಲ ಹಿಡಿದು ನಿಲ್ಲಿಸೋಕೆ ನೋಡ್ತಾರೆ, ಕೇಳಿಸ್ತಾ? ಆಗಲ್ಲ ಅಂತ ಗೊತ್ತಾದ್ಮೇಲೆ ನಿಮ್ಮ ಜೊತೆಗೇ ಬಂದುಬಿಡ್ತಾರೆ. ಇಲ್ಲಾಂದ್ರೆ ಹಾಡು ಎರಡು ತುಂಡಾಗುತ್ತಲ್ಲ."

ಡಾಕ್ಟರೂ ವಕೀಲನೂ ನನ್ನನ್ನೇ ನೋಡುತ್ತಿದ್ದರು. ನೀನೇ ಹೋಗಿ ಹೇಳು ಎಂಬ ನೋಟ. ಅಂಗಡಿಯ ಮುಂದಿನಿಂದಲೇ ಹೊರಬಿದ್ದೆ. ಗಲ್ಲಾದ ಹಿಂದಿನಿಂದ ಅವನು "ಹೇಗಾಯ್ತು?" ಎಂದು ಕೇಳಿದ. ತಲೆನೋವು ಎಂದು ಹೇಳಿ ಕಾಲ್ಕಿತ್ತೆ.

ಎರಡು ದಿನ ನನ್ನ ಬಾಯಲ್ಲಿ ಬಂದ ಮಾತೆಂದರೆ ಕಲಿಯುವವರಿಗೆ ಹೇಳುವ "ನಿಧಾನ, ನಿಧಾನ" ಒಂದೇ. ಪ್ರತಿ ಸಲ ಹೇಳಿದಾಗಲೂ ನಾಚಿಕೆಯಾಗುತ್ತಿತ್ತು. ಮೂರನೆಯ ದಿನ ಬೆಳಗ್ಗೆ ಕಾರನ್ನು ಬೇಕರಿಯ ಮುಂದೆ ನಿಲ್ಲಿಸಿ ಒಳಗೆ ಹೋದೆ. ಅವನು ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಬ್ರೆಡ್ಡಿನ ಉಂಡೆಗಳನ್ನು ಅಚ್ಚಿಗೆ ಇಡುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಆಗಲೂ ಅವಸರವಾಗಿಯೇ ಹೇಳಿದೆ ಎಂದು ಕಾಣುತ್ತದೆ.

ಅವನ ಕೈ ನಿಂತಿತು. "ಯಾವತ್ತಿಂದ?" ಎಂದ.

"ಮೊದಲಿಂದಾನೂ ಇರ್ಬೇಕು."

ಅವನು ಕೈಯ ಹಿಟ್ಟನ್ನು ಬೆರಳು ಬೆರಳಾಗಿ ತೆಗೆದ. "ಆ ಟಿಕ್ ಟಿಕ್ ಇಟ್ಕೊಂಡು ದಿನಾ ಮಧ್ಯಾಹ್ನ ಬಾರಿಸ್ತಿದ್ದೆ. ಒಂದು ಏಟೂ ತಪ್ಪುತ್ತಿರಲಿಲ್ಲ. ನಿಮ್ಮ ಜೊತೆ ಕೂತ್ರೆ ಮಾತ್ರ ಕೆಡ್ತಿತ್ತು. ಅದಕ್ಕೆ ಏನಂದ್ಕೊಂಡೆ ಗೊತ್ತಾ? ನಾನು ಒಬ್ನೇ ಇದ್ರೆ ಸರಿ, ನಾಲ್ಕು ಜನರ ಮಧ್ಯೆ ಬಂದ್ರೆ ಎಲ್ಲ ಹಾಳು ಮಾಡೋನು ಅಂತ. ಮಗಳ ಮದುವೆಯಲ್ಲಿ ಎರಡು ಮಾತಾಡಿ ಅಂದ್ರು. ಬೇಡಪ್ಪಾ ಅಂತ ಅಡುಗೆಮನೇಲಿ ಹೋಗಿ ನಿಂತೆ."

ತಮಾಷೆ ಮಾಡಿ ಮಾಡಿ ಒಬ್ಬ ಒಳ್ಳೆಯ ಮನುಷ್ಯನನ್ನು ಅಡುಗೆಮನೆಗೆ ಅಟ್ಟಿದ್ದೆ. ಅದೂ ಅವನ ಮಗಳ ಮದುವೆಯ ದಿನ. ಅಳು ಬಂತು, ಅತ್ತೆ. ಅವನು ಸಮಾಧಾನ ಮಾಡಲಿಲ್ಲ.

"ನೀನು ಈಗ ಹೋಗು" ಎಂದ. "ನನಗೆ ಕೋಪ ಬಂದಿದೆ. ಬ್ರೆಡ್ ಹಾಳಾಗುತ್ತೆ."

ಅವನಿಗೆ ಕೋಪ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದೂ ನಿಧಾನವಾಗಿಯೇ ಇತ್ತು, ಹನ್ನೊಂದು ದಿನ ನಡೆಯಿತು. ಫೋನ್ ಎತ್ತಲಿಲ್ಲ. "ಇನ್ನೂ ಇಳಿದಿಲ್ಲ" ಎಂದು ಅವನ ಹೆಂಡತಿ ದಿನಾ ವರದಿ ಕೊಡುತ್ತಿದ್ದಳು, ಜ್ವರದ ಸುದ್ದಿ ಕೊಟ್ಟ ಹಾಗೆ. ಕಾರ್ಯಕ್ರಮದ ಬೆಳಗ್ಗೆವರೆಗೂ ಬ್ಯಾಂಡಿನಲ್ಲಿ ಇರುತ್ತಾನೋ ಇಲ್ಲವೋ ಎಂಬುದು ನಮಗೆ ಗೊತ್ತಿರಲಿಲ್ಲ. ಸಭಾಂಗಣದ ಬಾಗಿಲಲ್ಲಿ ಬೇಕರಿಯ ವ್ಯಾನು ನಿಂತು, ಅದರಿಂದ ಡ್ರಮ್ಮುಗಳು ಒಂದೊಂದಾಗಿ ಇಳಿದಾಗ ಟೀಚರ್ ತಮ್ಮ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಸಾಲಿನಲ್ಲಿ ಹೋಗಿ ಕೂತರು.

ಅವನು ನನ್ನನ್ನು ಮಾತಾಡಿಸಲಿಲ್ಲ. ಹಾಡು ಶುರುವಾಯಿತು. ಎರಡನೇ ಚರಣದಲ್ಲಿ ನನ್ನ ಬೆರಳುಗಳು ಎಂದಿನಂತೆ ಮುಂದೆ ಹೊರಟವು. ಎಷ್ಟು ಹಿಡಿದರೂ ಕೇಳಲಿಲ್ಲ. ಹಿಂದೆ ಡ್ರಮ್ಮು ಬರುತ್ತದೆ ಎಂದು ನನ್ನ ಮೈಗೆಲ್ಲ ರೂಢಿ. ಅದು ಬರಲಿಲ್ಲ. ಮುನ್ನೂರು ಜನರ ಎದುರು ಅವನು ಇದ್ದಲ್ಲೇ ಇದ್ದ. ನಾನೊಬ್ಬನೇ ಎರಡು ಏಟು ಮುಂದೆ, ಬಟ್ಟೆಯಿಲ್ಲದೆ ಬೀದಿಗೆ ಬಂದವನಂತೆ ನಿಂತಿದ್ದೆ. ಬೇರೆ ದಾರಿಯಿರಲಿಲ್ಲ. ವಾಪಸ್ ಬಂದೆ. ಅವನು ಜಾಗ ಬಿಟ್ಟಿದ್ದ, ಸೇರಿಕೊಂಡೆ. ಆಮೇಲೆ ಆ ಮುದುಕ ತನ್ನ ಪಾಡಿಗೆ ಹುಟ್ಟು ಹಾಕುತ್ತ ಹೋದ. ಅಷ್ಟು ಚೆಂದದ ಹಾಡು ನಮ್ಮ ಬಳಿ ಇಷ್ಟು ವರ್ಷ ಇತ್ತೆಂದು ನಮಗೇ ಗೊತ್ತಿರಲಿಲ್ಲ. ಡಾಕ್ಟರು ಕಣ್ಣೊರೆಸಿಕೊಂಡ.

ಹಾಡು ಮುಗಿದ ಮೇಲೆ ಬ್ಯಾಂಡಿನವರ ಪರಿಚಯ ಮಾಡಿಸುವುದು ಯಾವಾಗಲೂ ನನ್ನ ಕೆಲಸ. ಮೈಕು ಬಿಚ್ಚಿ ಡ್ರಮ್ಮಿನ ಹತ್ತಿರ ಹೋಗಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ನೋಡಿದ, ಜನರನ್ನು ನೋಡಿದ. ಸಭೆ ಕಾಯಿತು.

"ಇವರು ವಕೀಲರು" ಎಂದು ಶುರು ಮಾಡಿದ. "ಹಾಡ್ತಾರೆ. ಈ ಹಾಡು ಬರೆದಾಗ ಇವರು ದೋಣಿ ನೋಡೇ ಇರಲಿಲ್ಲ." ಜನ ನಕ್ಕರು. ಅವನು ನಗು ಮುಗಿಯುವವರೆಗೆ ಕಾದ. ಡಾಕ್ಟರ ಬಗ್ಗೆ ಹೇಳಿದ. ಗೋದಾಮಿನ ಬಗ್ಗೆ ಹೇಳಿದ, ಆಟದ ಸಾಮಾನಿನ ಕೋಣೆಯ ಬಗ್ಗೆ ಹೇಳಿದ. ಕೊನೆಗೆ ನನ್ನ ಕಡೆ ತಿರುಗಿದ. "ಇವನು ಗಿಟಾರು. ಡ್ರೈವಿಂಗ್ ಕಲಿಸ್ತಾನೆ. ನಿಮ್ಮ ಮಕ್ಕಳನ್ನ ಇವನ ಹತ್ರ ಕಳಿಸೋ ಮುಂಚೆ ಸ್ವಲ್ಪ ಯೋಚನೆ ಮಾಡಿ."

ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮೊದಲ ಸಾಲಿನ ಕೊನೆಯಲ್ಲಿ ಅವನ ಮಗಳು ಗಂಡನ ತೋಳು ಹಿಡಿದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಅವನು ಇನ್ನೂ ಮಾತಾಡುತ್ತಲೇ ಇದ್ದ. ಮುಂದಿನ ತಂಡದವರು ಬದಿಯಲ್ಲಿ ಬಂದು ನಿಂತು ಗಡಿಯಾರ ನೋಡಿಕೊಂಡರು. ಇನ್ನೂ ಸ್ವಲ್ಪ ಹೊತ್ತಾಗುತ್ತದೆ, ಕೂತ್ಕೊಳ್ಳಿ ಎಂದು ನಾನು ಅವರಿಗೆ ಕೈಸನ್ನೆ ಮಾಡಿದೆ.