ಅತ್ತೆಯಂಥ ಜಿನ್ನು

ಪೀಚ್ ವಿಸ್ಕಿಯಲ್ಲಿ ಪೀಚ್ ಹಣ್ಣು ಇರುವುದಿಲ್ಲ. ಜೇನಿನ ವಿಸ್ಕಿಯ ಹತ್ತಿರ ಯಾವ ಜೇನುನೊಣವೂ ಸುಳಿದಿರುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದೂ ಬಾಟಲಿ ಮೇಲಿನ ಹಣ್ಣಿನ ಚಿತ್ರಕ್ಕೆ ಜೊಲ್ಲು ಸುರಿಸುವ ನಿಮ್ಮ ಜಾಣತನದ ಮೇಲೆ ಬೇಕಾದಷ್ಟು ಶಾಯಿ ಖರ್ಚು ಮಾಡಬಹುದು, ಇವತ್ತು ಮಾಡುವುದಿಲ್ಲ. ಇವತ್ತಿನ ವಿಷಯ, ಆ ಬಾಟಲಿ ನಿಮ್ಮ ಕೈಗೆ ಬರುವ ಮೊದಲು ಅದರೊಳಗಿನದನ್ನು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಉಗಿದು, "ಹೋಗ್ಲಿ, ಪರವಾಗಿಲ್ಲ" ಎಂದೋ "ಥೂ, ವಾಪಸ್ ಕಳ್ಸಿ" ಎಂದೋ ತೀರ್ಪು ಕೊಡುವ ಹೆಂಗಸು. ಅವಳು ನನ್ನ ಹೆಂಡತಿಯ ತಂಗಿ. ನಾನು ಅವಳಿಗೆ ಭಾವ.

ಅಗ್ಗದ ಜಿನ್ನು, ಬಣ್ಣಬಣ್ಣದ ವಿಸ್ಕಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ರುಚಿ ನೋಡುವುದು ನನ್ನ ನಾದಿನಿಯ ಕೆಲಸ. "ಹಾಗಾದ್ರೆ ದಿನಾ ಕುಡ್ಕೊಂಡೇ ಮನೆಗೆ ಬರ್ತಾಳಾ?" ಎಂದು ಕಣ್ಣು ಮಿಟುಕಿಸುವವರಿಗೆ ನನ್ನದೊಂದು ಪ್ರಶ್ನೆ: ಅವಳ ಗಂಡ ದರ್ಜಿ, ಹೊಲಿದ ಲಂಗಗಳನ್ನೆಲ್ಲ ಉಟ್ಟುಕೊಂಡೇ ಮನೆಗೆ ಬರುತ್ತಾನಾ? ಅವಳ ಕೆಲಸದಲ್ಲಿ ಮುಕ್ಕಾಲು ಪಾಲು ಉಗಿಯುವುದು. ಆ ಕೆಲಸದಲ್ಲಿ ಅವಳ ಮಟ್ಟಕ್ಕೆ ಬರಬಲ್ಲವರನ್ನು ನಾನು ಕಂಡಿಲ್ಲ. ದೂರದ ತೊಟ್ಟಿಗೆ ಹನಿ ಚೆಲ್ಲದಂತೆ ಗುರಿಯಿಡುತ್ತಾಳೆ.

ಅವಳ ಕೋಣೆ ಕಾರ್ಖಾನೆಯ ಹಿಂಬದಿಯಲ್ಲಿದೆ. ಪಕ್ಕದಲ್ಲೇ ಬಾಟಲಿ ತೊಳೆಯುವ ಯಂತ್ರ. ಅದರ ಗಡಗಡ ಗೋಡೆ ದಾಟಿ ಬರುತ್ತದೆ. ಬಿಳಿ ಟೈಲ್ಸು, ಸ್ಟೀಲಿನ ತೊಟ್ಟಿ, ಗಾಜಿನ ಮುಚ್ಚಳವಿರುವ ಪುಟ್ಟ ಪುಟ್ಟ ಲೋಟಗಳು. ಮದ್ಯಕ್ಕೆ ಸಮಪಾಲು ನೀರು ಬೆರೆಸಿ ಮುಚ್ಚಿಡುತ್ತಾಳೆ. ಸ್ಪಿರಿಟ್ಟಿನ ಘಾಟು ತಗ್ಗಿದ ಮೇಲೆ ಒಳಗಿನ ಬಂಡವಾಳ ತಾನಾಗಿ ಮೂಗಿಗೆ ಬರುತ್ತದೆ. ನಡುನಡುವೆ ಒಂದು ಚೂರು ಒಣ ಬ್ರೆಡ್ಡು. ಅವಳು ಪೌಡರ್ ಹಾಕುವಂತಿಲ್ಲ, ಸೆಂಟು ಮುಟ್ಟುವಂತಿಲ್ಲ, ಬೆಳಿಗ್ಗೆ ಈರುಳ್ಳಿಯ ಕಡೆ ತಿರುಗಿ ನೋಡುವಂತಿಲ್ಲ. ಸಂಜೆ ಖಾಲಿ ಲೋಟಗಳನ್ನು ತೊಳೆಯದೆ ಹಾಗೇ ಬಿಟ್ಟು ಬಂದು ಮಾರನೆಯ ದಿನ ಮೂಸುತ್ತಾಳೆ. ಸರಿಯಾದ ಜಿನ್ನಾದರೆ, ಜುನಿಪರ್ ಎಂಬ ಕರಿಕಾಯಿಯ ಕಾಡುವಾಸನೆ ಮಾರನೆಯ ದಿನವೂ ಲೋಟದಲ್ಲಿ ಕೂತಿರುತ್ತದೆ. ಕೆಟ್ಟ ಪೀಚ್ ವಿಸ್ಕಿಯಾದರೆ ಶಾಂಪೂ ಕೂತಿರುತ್ತದೆ.

ಗೋಡೆಯ ಮೇಲೆ ಚಕ್ರದಂಥ ಒಂದು ಬಣ್ಣದ ಚಿತ್ರವಿದೆ. ರುಚಿಯನ್ನು ಇಂಥಿಂಥ ಪದಗಳಲ್ಲೇ ಹೇಳಬೇಕು ಎಂದು ಅದರ ಅಪ್ಪಣೆ. ಅದರಲ್ಲಿರುವ ಅರ್ಧ ಹೂವು, ಹಣ್ಣುಗಳನ್ನು ಆ ಕಟ್ಟಡದಲ್ಲಿ ಕಂಡವರೇ ಇಲ್ಲ.

"ನೋಡದೇ ಇರೋ ಹೂವಿನ ಮೇಲೆ ಆಣೆ ಇಡೋಕಾಗತ್ತಾ ಭಾವ?" ಎಂದು ಅವಳು ನನ್ನನ್ನು ಕೇಳಿದ್ದಳು. "ನನಗೆ ಚೆನ್ನಾಗಿ ಗೊತ್ತಿರೋದು ನಮ್ಮ ನೆಂಟರು."

ಹಾಗಾಗಿ ಅವಳು ನೆಂಟರಲ್ಲೇ ತೀರ್ಪು ಹೇಳತೊಡಗಿದಳು. ಜೇನಿನ ವಿಸ್ಕಿ ಅವಳ ಚಿಕ್ಕತ್ತೆ: "ಮೊದ್ಲು ಕೆನ್ನೆ ಹಿಂಡಿ ಮುದ್ದು ಮಾಡ್ತಾಳೆ, ಆಮೇಲೆ ಸಂಬಳ ಎಷ್ಟು ಅಂತಾಳೆ." ಸೇಬಿನ ವಿಸ್ಕಿ ಮನೆಗೆ ಬಂದ ಹೊಸ ಅಳಿಯ: "ಸೆಂಟೇ ಸೆಂಟು. ಸೆಂಟು ಹೋದ್ಮೇಲೆ ಕುರ್ಚಿ ಖಾಲಿ." ದಾಲ್ಚಿನ್ನಿ ವಿಸ್ಕಿ ಯಾರು ಎಂದು ನಾನು ಕೇಳಬಾರದಿತ್ತು. "ಅದು ನೀವು ಭಾವ. ಬಾಯಿಗೆ ಬಂದಾಗ ಉರಿಯೋ ಉರಿ, ನುಂಗಿದ್ಮೇಲೆ ಹೊಟ್ಟೆಗೆ ಗೊತ್ತೇ ಆಗಲ್ಲ."

ನಗಬೇಡಿ. ಈ ಪದ್ಧತಿಯಲ್ಲಿ ಕಾರ್ಖಾನೆ ಗಡಿಯಾರದ ಹಾಗೆ ನಡೆಯುತ್ತಿತ್ತು. ಮದ್ಯ ಬೆರೆಸುವವನು ಒಬ್ಬ ದಢೂತಿ ಮನುಷ್ಯ, ಪಾಪದವನು. ಅವನಿಗೆ ಅವಳ ಒಂದು ಮಾತು ಸಾಕು. "ಇದ್ರಲ್ಲಿ ಚಿಕ್ಕತ್ತೆ ಜಾಸ್ತಿಯಾದ್ಳು" ಎಂದರೆ ಸಕ್ಕರೆ ಇಳಿಸುತ್ತಿದ್ದ. "ಭಾವನ್ನ ಸ್ವಲ್ಪ ಸುಮ್ಮನಿರ್ಸಿ" ಎಂದರೆ ದಾಲ್ಚಿನ್ನಿ ತಗ್ಗಿಸುತ್ತಿದ್ದ. ಒಮ್ಮೆ ನಾನು ಅವಳಿಗೆ ಊಟದ ಡಬ್ಬಿ ಕೊಡಲು ಹೋದಾಗ ಅವನು ನನ್ನನ್ನು ನೋಡಿ, "ಓ, ನೀವೇನಾ ಸರ್!" ಎಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಈಗ ಅತ್ತೆ. ನಾದಿನಿಯ ಗಂಡನ ತಾಯಿ, ಅದೇ ಮನೆಯಲ್ಲಿ ಒಟ್ಟಿಗೆ ಇರುವವರು. ಒಣಗಿದ ಕಡ್ಡಿಯಂಥ ಮೈ, ಕೈಯಲ್ಲಿ ಯಾವಾಗಲೂ ಕೊಡೆ. ಅವರು ಅಡುಗೆಮನೆಗೆ ಕಾಲಿಟ್ಟರೆ ಕುದಿಯುವ ಹಾಲು ಕೂಡ ಅನುಮತಿ ಕೇಳಿ ಉಕ್ಕುತ್ತದೆ. ಒಂದು ದಿನ ಹೊಸ ಜಿನ್ನೊಂದರ ಮಾದರಿ ನಾದಿನಿಯ ಮುಂದೆ ಬಂತು. ಮೂಸಿದಳು, ಬಾಯಿಗೆ ಹಾಕಿದಳು, ಬೆನ್ನು ನೆಟ್ಟಗೆ ಮಾಡಿ ಕೂತಳು. ಅಗ್ಗದ ಮಾಲಿನಲ್ಲಿ ಅಂಥದ್ದು ಬಂದದ್ದೇ ಇಲ್ಲವಂತೆ.

"ಇದು ನಮ್ಮತ್ತೆ," ಎಂದಳು. "ಒಳಗೆ ಬಂದ್ರೆ ಚಮಚಗಳೂ ನೆಟ್ಟಗೆ ನಿಂತ್ಕೋತವೆ. ಸಿಹಿ ಮಾತಿಲ್ಲ, ಸುಳ್ಳಿಲ್ಲ. ಎದ್ದು ಹೋದ್ಮೇಲೂ ಮನೆ ಶಿಸ್ತಾಗಿರತ್ತೆ."

ಬೆರೆಸುವವನ ಕಣ್ಣಲ್ಲಿ ನೀರು. ಆ ಜಿನ್ನು ಅವನ ಕೈಯಡುಗೆ. ಆದರೆ ಬಾಗಿಲಲ್ಲಿ ಮಾರಾಟದ ಮ್ಯಾನೇಜರು ನಿಂತಿದ್ದ. ಟೈ ಕಟ್ಟಿದವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಯಾವ ಮಾತಿಗೂ ಇವತ್ತಿನವರೆಗೆ ಒಳ್ಳೆಯ ಗತಿ ಬಂದಿಲ್ಲ. ಅವನು ಅವಳನ್ನು ಒಂದು ಮಾತು ಕೇಳದೆ ಆ ಸಾಲುಗಳನ್ನು ಅಕ್ಷರ ಬಿಡದೆ ಬಾಟಲಿಯ ಮೇಲೆ ಅಚ್ಚು ಹಾಕಿಸಿದ. ಮೇಲೆ ದಪ್ಪಕ್ಷರದಲ್ಲಿ "ನಮ್ಮತ್ತೆಯಂಥ ಜಿನ್", ಕೆಳಗೆ "ನಮ್ಮ ರುಚಿಗಾರ್ತಿಯ ಮಾತು".

ಈ ಸುದ್ದಿ ಮನೆಗೆ ಬಂದದ್ದು ಹೂವಿನ ಜೊತೆಗೆ. ಕೆಳಮನೆಯಾಕೆಗೆ ಖಾಲಿ ಬಾಟಲಿಗಳಲ್ಲಿ ಹೂವಿಡುವ ಹವ್ಯಾಸ. ಬಾಟಲಿ ಖಾಲಿ ಮಾಡುವ ಹವ್ಯಾಸ ಆಕೆಯ ಗಂಡನದು. ಹೂವಿನ ಸಮೇತ ಮೇಲೆ ಬಂದು, "ನೋಡೀಮ್ಮಾ, ಥೇಟ್ ನಿಮ್ಮನ್ನೇ ನೋಡಿ ಬರೆದ ಹಾಗಿದೆ!" ಎಂದು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು.

ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಅಂದರೆ ಮಾತು ನಿಲ್ಲಲಿಲ್ಲ, ಮಗನ ಮೂಲಕ ಹಾದುಹೋಗತೊಡಗಿತು. ಒಂದೇ ಮೇಜು, ಎದುರುಬದುರು ಕುರ್ಚಿ.

"ಆ ಹೆಂಗಸಿಗೆ ಹೇಳು, ಉಪ್ಪು ಈ ಕಡೆ ಕೊಡೋಕೆ."

"ಉಪ್ಪು ಕೊಡಬೇಕಂತೆ," ಎಂದ ದರ್ಜಿ.

"ಕೊಟ್ಟೆ ಅಂತ ಹೇಳಿ ಅತ್ತೆಗೆ."

"ಕೊಟ್ಟಳಂತೆ ಅಮ್ಮ."

"ನಂಗೆ ಕಣ್ಣಿದೆ ಅಂತ ಹೇಳು."

ದರ್ಜಿಗೆ ಎರಡು ತುತ್ತಿನ ನಡುವೆ ಅಗಿಯಲೂ ಸಮಯವಿಲ್ಲ. ಬಡವಾದ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಅತ್ತೆ ನನ್ನನ್ನು ಕರೆಸಿದರು.

"ನೋಡಪ್ಪಾ, ಊರಿನವರೆಲ್ಲ ನನ್ನನ್ನ ಕುಡೀತಿದ್ದಾರೆ. ನಾನು ಹೇಗಿದ್ದೀನಿ ಅಂತ ನಂಗೇ ಗೊತ್ತಿಲ್ಲ. ಒಂದು ಬಾಟ್ಲಿ ತಗೊಂಡ್ಬಾ."

ತಂದೆ. "ಅಂಗಡೀಲಿ ಎಲ್ಲಿಟ್ಟಿದ್ರು ನನ್ನ?" ಎಂಬುದು ಮೊದಲ ಪ್ರಶ್ನೆ. ತೀರಾ ಕೆಳಗಿನ ಹಲಗೆಯಲ್ಲಿ, ನೆಲ ಒರೆಸುವ ಕೋಲಿನ ಪಕ್ಕ. ನಾನು ಸುಳ್ಳು ಹೇಳುವುದಿಲ್ಲ, ಹೇಳಿಬಿಟ್ಟೆ. ಅವರ ಕೊಡೆ ನೆಲಕ್ಕೆ ಒಮ್ಮೆ ಟಕ್ ಎಂದಿತು.

ನಾದಿನಿ ಎಲ್ಲವನ್ನೂ ಕ್ರಮವಾಗಿ ಅಣಿ ಮಾಡಿದಳು: ಲೋಟ, ಸಮಪಾಲು ನೀರು, ಮುಚ್ಚಳಕ್ಕೆ ಒಂದು ತಟ್ಟೆ, ಬ್ರೆಡ್ಡಿನ ಚೂರು, ಉಗಿಯಲು ಬಕೆಟ್ಟು. ಅತ್ತೆ ಕನ್ನಡಕ ಹಾಕಿಕೊಂಡರು. ಮೂಸಿದರು. ಬಾಯಿಗೆ ಹಾಕಿಕೊಂಡರು. ಜೀವನದಲ್ಲಿ ಮೊದಲ ಸಲ.

"ಉಗಿಯಮ್ಮಾ, ಉಗಿ," ಎಂದು ದರ್ಜಿ ಬಕೆಟ್ಟು ಹಿಡಿದ.

ಅತ್ತೆ ನುಂಗಿದರು. "ಬಾಯಿಗೆ ಹಾಕ್ಕೊಂಡಿದ್ದನ್ನ ಉಗಿಯೋ ವಂಶ ನಮ್ಮದಲ್ಲ."

ಎಲ್ಲರೂ ಕಾದೆವು. ಅತ್ತೆಯೂ ಕಾದರು. ಏನೂ ಆಗಲಿಲ್ಲ.

"ಆಮೇಲೆ?" ಎಂದರು.

"ಆಮೇಲೆ ಏನಮ್ಮಾ?"

"ಇಷ್ಟೇನಾ? ಚಮಚ ನೆಟ್ಟಗೆ ನಿಲ್ಲತ್ತೆ ಅಂದಿದ್ಳು. ಇದ್ರ ಮುಂದೆ ಚಮಚ ಮಲ್ಕೊಂಡು ಗೊರಕೆ ಹೊಡಿಯತ್ತೆ. ಇದು ನಾನಾ? ಇದು ನಿಮ್ಮಪ್ಪ ಕಣೋ. ಬಂದ್ರು, ಕೂತ್ರು, ಹೋದ್ರು."

ನಾದಿನಿ ಲೋಟ ಕಿತ್ತುಕೊಂಡು ಒಂದು ಗುಟುಕು ಬಾಯಲ್ಲಿ ಆಡಿಸಿದಳು. ಉಗಿಯುವುದನ್ನೇ ಮರೆತಳು. ಅವಳು ಒಪ್ಪಿಗೆ ಕೊಟ್ಟ ಜಿನ್ನು ಅದಲ್ಲ. ಜುನಿಪರ್ ಹೆಸರಿಗೆ ಮಾತ್ರ, ಮೇಲೆ ಬೇಕಾದಷ್ಟು ನೀರು, ಅದನ್ನು ಮುಚ್ಚಿಡಲು ಸಕ್ಕರೆ. ಮಾದರಿ ಒಂದು, ಮಾರಾಟದ ಮಾಲು ಇನ್ನೊಂದು.

ಅವಳಿಗೆ ಹೊಲವಿಲ್ಲ, ಮನೆಯಿಲ್ಲ, ಡಿಗ್ರಿಯಿಲ್ಲ. ಅವಳು "ಹೀಗಿದೆ" ಎಂದರೆ ಅದು ಹಾಗೇ ಇರುತ್ತದೆ ಎಂಬ ನಂಬಿಕೆಯೊಂದೇ ಅವಳ ಆಸ್ತಿ. ಅದನ್ನು ಯಾರೋ ಅಂಟು ಹಚ್ಚಿ ಸುಳ್ಳಿನ ಮೇಲೆ ಅಂಟಿಸಿದ್ದರು. ಎದುರಿಗೆ ಕೂತವರು ಅತ್ತೆ.

ಅತ್ತೆ ಮಗನ ಕಡೆ ನೋಡದೆ ನೇರವಾಗಿ ಕೇಳಿದರು: "ಸುಳ್ಳು ಹೇಳಿದ್ದು ನೀನಾ, ಅವ್ರಾ?"

"ನಾನಲ್ಲ ಅತ್ತೆ. ನಾನು ರುಚಿ ನೋಡಿದ್ರಲ್ಲಿ ನೀವಿದ್ರಿ. ಪೂರ್ತಿ ಇದ್ರಿ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆ ಕನ್ನಡಕಕ್ಕೆ ಏನೂ ಆಗಿರಲಿಲ್ಲ. "ಉಪ್ಪು ಈ ಕಡೆ ಕೊಡು," ಎಂದರು. ಮೇಜಿನ ಮೇಲೆ ಊಟವೇ ಇರಲಿಲ್ಲ. ಅವಳು ಎದ್ದು ಹೋಗಿ ಉಪ್ಪು ತಂದುಕೊಟ್ಟಳು. ದರ್ಜಿ ಬಕೆಟ್ಟು ಕೆಳಗಿಟ್ಟು ನಿಟ್ಟುಸಿರು ಬಿಟ್ಟ.

ಮಾರನೆಯ ದಿನ ಕಾರ್ಖಾನೆಯ ಯಜಮಾನನ ಕೋಣೆಯಲ್ಲಿ ಅತ್ತೆ, ಸೊಸೆ, ಕೊಡೆ. ನಾನು ಸಾಕ್ಷಿಗೆ. ಯಜಮಾನ ಎದ್ದು ನಿಂತು, "ಬನ್ನೀಮ್ಮಾ, ನೀವೇನಾ ನಮ್ಮ ಜಿನ್ನು!" ಎಂದು ಕೈ ಮುಗಿದ.

"ನಾನೇ. ಆದ್ರೆ ನಿನ್ನ ಬಾಟ್ಲೀಲಿ ನಾನಿಲ್ಲ. ನನ್ನ ಎಲ್ಲಿಟ್ಟಿದ್ದೀಯ?"

"ಗ್ರಾಹಕರಿಗೆ ಮೃದು ಬೇಕಂತೆ ಅಮ್ಮಾ. ನೀರು ಹಾಕಿಲ್ಲ, ಸ್ವಲ್ಪ ಹಗುರ ಮಾಡಿದ್ವಿ," ಎಂದ ಮಾರಾಟದ ಮ್ಯಾನೇಜರು.

"ಮೃದು ಬೇಕಾದ್ರೆ ನನ್ನ ತಂಗಿ ಇದ್ದಾಳೆ, ಅವಳನ್ನ ಹಾಕ್ಕೋ. ನನ್ನ ಹೆಸರು ಬೇಕಾದ್ರೆ ನನ್ನನ್ನ ಹಾಕು. ಇಲ್ಲಾ ಆ ಚೀಟಿ ಕಿತ್ತುಹಾಕು."

ನಾದಿನಿ ಬಾಯಿಬಿಟ್ಟಳು: "ಸರ್, ಇನ್ಮೇಲೆ ಮಾದರಿ ಬೇಡ. ಅಂಗಡಿಯಿಂದ ತಂದ ಬಾಟ್ಲಿ ನನ್ನ ಮೇಜಿಗೆ ಬರ್ಲಿ. ಅದನ್ನ ನೋಡಿ ಹೇಳ್ತೀನಿ."

ಯಜಮಾನ ನಕ್ಕ. ಕೆಟ್ಟ ನಗುವಲ್ಲ, ನಿಶ್ಚಿಂತೆಯ ನಗು. ಅದೇ ನನ್ನ ಮೈ ಉರಿಸಿದ್ದು. "ನೋಡೀಮ್ಮಾ, ಈ ಬಾಟ್ಲಿ ಊರೆಲ್ಲ ಮಾರಾಟವಾಗಿದೆ. ಒಬ್ಬನೇ ಒಬ್ಬ ವಾಪಸ್ ತಂದಿಲ್ಲ. ಒಬ್ಬನೇ ಒಬ್ಬ ತೆಳುವಾಗಿದೆ ಅಂದಿಲ್ಲ. ಎಲ್ರೂ 'ಅಬ್ಬಾ, ಏನ್ ಖಡಕ್ ಅತ್ತೆ' ಅಂತಾರೆ. ಕುಡಿಯೋರು ಕೇಳ್ಲಿ, ಮೊದಲಿನದ್ದನ್ನೇ ತುಂಬಿಸ್ತೀನಿ. ನನ್ನಾಣೆ."

"ನಾನು ಕೇಳ್ತಿದ್ದೀನಲ್ಲ!"

"ನೀವು ಗ್ರಾಹಕರಲ್ಲಮ್ಮ. ನೀವು ಮಾಲು."

ಆಮೇಲಿನದ್ದು ಇಷ್ಟು. ನಾದಿನಿ ಕೆಲಸ ಬಿಟ್ಟಿಲ್ಲ. ಆದರೆ ನೆಂಟರ ಹೆಸರೆತ್ತುವುದಿಲ್ಲ. "ಸರಿ", "ಸರಿಯಿಲ್ಲ", ಇವೆರಡೇ ಮಾತು. ಬೆರೆಸುವವನು ಕಂಗಾಲು: "ಅಕ್ಕಾ, ಒಬ್ಬ ಅಳಿಯನ ಹೆಸರಾದ್ರೂ ಹೇಳಿ, ಸೇಬು ಎಷ್ಟು ಹಾಕ್ಲಿ ಅಂತ ಗೊತ್ತಾಗ್ತಿಲ್ಲ" ಎಂದು ಗೋಗರೆಯುತ್ತಾನೆ. ಅವಳು ಕರಗಿಲ್ಲ. ಬಾಟಲಿಯ ಮೇಲೆ ಅವಳ ಮಾತು ಇನ್ನೂ ಅಂಟಿಕೊಂಡಿದೆ.

ಅತ್ತೆ ದಿನಾ ಮಧ್ಯಾಹ್ನ ಕೊಡೆ ಹಿಡಿದು ಮದ್ಯದಂಗಡಿಗೆ ಹೋಗುತ್ತಾರೆ. ಕೆಳಗಿನ ಹಲಗೆಯ ಮುಂದೆ ಮೊಣಕಾಲೂರಿ, ತಮ್ಮನ್ನು ಒಂದೊಂದಾಗಿ ಗೋಡೆಯ ಕಡೆ ತಿರುಗಿಸಿಡುತ್ತಾರೆ. ಯಾರಾದರೂ ಕೈ ಚಾಚಿದರೆ, "ತಗೋಬೇಡಪ್ಪಾ, ಅದ್ರಲ್ಲಿ ನಾನಿಲ್ಲ," ಎನ್ನುತ್ತಾರೆ. ಅಂಗಡಿಯವನು ತಡೆಯಲು ಹೋಗಿ, ಈಗ ಅವರಿಗೆ ಕೂರಲು ಸ್ಟೂಲು ತಂದಿಟ್ಟಿದ್ದಾನೆ. ಜನ ನಗುತ್ತಾರೆ, ಫೋಟೊ ತೆಗೆಯುತ್ತಾರೆ, ಎರಡು ಬಾಟಲಿ ಹೆಚ್ಚೇ ಒಯ್ಯುತ್ತಾರೆ.

ಆ ಜನ ನೀವು. ನಾನು ಬರೆದದ್ದನ್ನು ಓದಿ "ಚೆನ್ನಾಗಿ ಬಾರಿಸಿದ್ದಾನೆ" ಎಂದು ಪತ್ರಿಕೆ ಮಡಚಿಡುವವರೂ ನೀವೇ. ಇವತ್ತು ಮಡಚಬೇಡಿ. ಮನೆಯಲ್ಲಿ ಆ ಬಾಟಲಿ ಇದ್ದರೆ ಎತ್ತಿಕೊಳ್ಳಿ. ಅರ್ಧ ಮುಗಿದಿದ್ದರೂ ಚಿಂತೆಯಿಲ್ಲ. ಅಂಗಡಿಗೆ ಒಯ್ದು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿ, ಎಲ್ಲರಿಗೂ ಕೇಳುವಂತೆ ಕೇಳಿ: "ಇದರಲ್ಲಿ ಅತ್ತೆ ಎಲ್ಲಿ?" ಉತ್ತರ ಸಿಗುವವರೆಗೆ ಅಲ್ಲಿಂದ ಕದಲಬೇಡಿ.