ಬಾನೆಟ್ಟಿನ ಅಂಚಿನ ಗೆರೆ

ನಮ್ಮಣ್ಣನನ್ನು ಈ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗ್ಯಾರೇಜಿನವರಿಗೆ, ಟೈರ್ ಅಂಗಡಿಯವನಿಗೆ, ಎದುರಿನ ಟೀ ಅಂಗಡಿಯವನಿಗೆ, ಎಲ್ಲರಿಗೂ ಅವನು ‘ಕಣ್ಮುಚ್ಚಿ’. ಕಾರಿನ ಬಾನೆಟ್ಟಿಗೋ ಪಕ್ಕದ ಕನ್ನಡಿಯ ಕವಚಕ್ಕೋ ಫಿಲ್ಮ್ ಅಂಟಿಸಿ ಮುಗಿಸಿದ ಮೇಲೆ ಅವನು ಕಣ್ಣು ಮುಚ್ಚಿಕೊಂಡು ಅಂಚಿನುದ್ದಕ್ಕೂ ಬೆರಳಾಡಿಸುತ್ತಾನೆ. ಒಳಗೆ ಒಂದು ಧೂಳಿನ ಕಣ ಸಿಕ್ಕಿಕೊಂಡಿದ್ದರೂ ಬೆರಳು ಅಲ್ಲೇ ನಿಂತುಬಿಡುತ್ತಿತ್ತು. “ಕಣ್ಣಿಗೆ ಮೋಸ ಮಾಡೋದೇ ಈ ಫಿಲ್ಮಿನ ಕೆಲಸ. ಅದನ್ನ ಕಣ್ಣಲ್ಲೇ ನೋಡಿ ಪಾಸ್ ಮಾಡಿದ್ರೆ ಏನು ಬಂತು?” ಅನ್ನುತ್ತಿದ್ದ.

ಅವನು ಅಂಟಿಸುವುದು ಕಾರ್ಬನ್ ಫೈಬರಿನಂತೆ ಕಾಣುವ ಕಪ್ಪು ವಿನೈಲ್ ಹಾಳೆ. ಅಸಲಿ ಕಾರ್ಬನ್ ಫೈಬರ್ ರೇಸಿನ ಕಾರುಗಳ ಸೊತ್ತು. ನಮ್ಮದು ಅದರ ನೇಯ್ಗೆಯನ್ನು ಸಣ್ಣ ಉಬ್ಬುಗೆರೆಗಳಾಗಿ ಒತ್ತಿದ ಪ್ಲಾಸ್ಟಿಕ್, ಅಷ್ಟೆ. ಬಂದವರಿಗೆಲ್ಲ ಅಣ್ಣ ಮೊದಲೇ ಹೇಳಿಬಿಡುತ್ತಾನೆ: “ಇದು ಕಾರ್ಬನ್ ಅಲ್ಲ, ಕಾರ್ಬನ್ ವೇಷ. ಇದನ್ನ ಹಾಕಿದ ಮಾತ್ರಕ್ಕೆ ನಿಮ್ಮ ಗಾಡಿ ಜಾಸ್ತಿ ಓಡಲ್ಲ.” ಆದರೂ ಜನ ಹಾಕಿಸಿಕೊಂಡು, ಮೀಸೆ ತಿರುವಿಕೊಂಡು ಹೋಗುತ್ತಾರೆ. ಶೆಡ್ಡಿನ ಅರ್ಧ ಅವನದು, ಇನ್ನರ್ಧ ನನ್ನದು. ನಾನು ಸೀಟ್ ಕವರ್ ಹೊಲಿಯುವವಳು. ನನ್ನ ಮೆಷಿನ್ನಿನ ಸದ್ದಿಗೆ ಅವನು ಬೈಯುತ್ತಾನೆ, ಬಿಸಿಗಾಳಿ ಊದುವ ಅವನ ಹೀಟ್ ಗನ್ನಿನ ವಾಸನೆಗೆ ನಾನು ಬೈಯುತ್ತೇನೆ. ಹಾಗೆಯೇ ನಮ್ಮಿಬ್ಬರಿಗೂ ತಲೆ ನೆರೆತಿದೆ.

ಈ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಬ್ಲೇಡ್. ಹಾಳೆ ಕೂರಿಸಿದ ಮೇಲೆ ಹೆಚ್ಚಾದದ್ದನ್ನು ಕಾರಿನ ಮೈಮೇಲೆಯೇ ಕತ್ತರಿಸಬೇಕು. ಹಾಳೆ ಮಾತ್ರ ಕತ್ತರಿಸಬೇಕು, ಕೆಳಗಿನ ಬಣ್ಣಕ್ಕೆ ಸುಳಿವೂ ಸಿಗಬಾರದು. ಎಷ್ಟು ಒತ್ತಿದರೆ ಸಾಕು ಅನ್ನುವುದು ಬೆರಳಿಗೇ ತಿಳಿಯಬೇಕು. ಈಗಿನವರು ಅದಕ್ಕೊಂದು ಅಂಟುಪಟ್ಟಿ ಬಳಸುತ್ತಾರೆ. ಪಟ್ಟಿಯೊಳಗೆ ಸಣ್ಣದೊಂದು ದಾರ ಇರುತ್ತದೆ. ಮೊದಲು ಪಟ್ಟಿ ಅಂಟಿಸಿ, ಅದರ ಮೇಲೆ ಹಾಳೆ ಕೂರಿಸಿ, ದಾರದ ತುದಿ ಹಿಡಿದು ಎಳೆದರೆ ಹಾಳೆ ತಾನಾಗಿ ಸೀಳುತ್ತದೆ. ಬ್ಲೇಡಿನ ಹಂಗೇ ಇಲ್ಲ. ನಾನು ಅದರ ಮಾತೆತ್ತಿದರೆ ಅಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. “ದಾರ ನಿನ್ನ ಕಸುಬು ಕಣೇ. ಅದು ಕೈ ನೆಟ್ಟಗಿಲ್ಲದವರಿಗೆ.”

ಅವನಿಗೆ ಸಕ್ಕರೆ ಕಾಯಿಲೆ ಬಂದು ತುಂಬಾ ಕಾಲವಾಯಿತು. ಅತ್ತಿಗೆ ಮಾತ್ರೆಯನ್ನು ತಟ್ಟೆಯ ಪಕ್ಕದಲ್ಲೇ ಇಡುತ್ತಾಳೆ. ಮನಸ್ಸಾದರೆ ನುಂಗುತ್ತಾನೆ, ಇಲ್ಲವಾದರೆ ಜೇಬಿಗೆ ಹಾಕಿಕೊಂಡು ಬರುತ್ತಾನೆ. ಅವನ ಅಂಗಿ ಒಗೆಯುವಾಗೆಲ್ಲ ಕರಗಿದ ಮಾತ್ರೆ ಸಿಕ್ಕುತ್ತದಂತೆ. ಇಂಥ ಮನುಷ್ಯನಿಗೆ ಯಾರು ಏನು ಹೇಳಬೇಕು?

ಒಂದು ಬೆಳಿಗ್ಗೆ ಅವನು ಕನ್ನಡಿಯ ಕವಚಕ್ಕೆ ಹಾಳೆ ಎಳೆದು ಕೂರಿಸುತ್ತಿದ್ದ. ಬಿಸಿ ಮಾಡಿದರೆ ಮಾತ್ರ ಅದು ಮಣಿಯುತ್ತದೆ, ಹೀಟ್ ಗನ್ ಒಂದು ಕೈಯಲ್ಲಿತ್ತು. ಬಾಗಿಲಲ್ಲಿ ನಿಂತ ಟೈರಿನವನ ಜೊತೆ ತಮಾಷೆ ನಡೆದಿತ್ತು. ನನಗೆ ಸುಟ್ಟ ವಾಸನೆ ಬಂತು. ಹಾಳೆ ಸೀಯುತ್ತಿದೆ ಅಂದುಕೊಂಡು ತಿರುಗಿದರೆ, ಗನ್ನಿನ ಬಾಯಿ ಅವನ ಇನ್ನೊಂದು ಕೈಯ ತೋರುಬೆರಳಿಗೇ ತಾಗಿಕೊಂಡಿತ್ತು.

“ಅಣ್ಣಾ, ಕೈ ತೆಗಿ!”

ಅವನು ಬೆರಳನ್ನು ಎತ್ತಿ, ಯಾರದೋ ಬೆರಳು ನೋಡುವವನಂತೆ ನೋಡಿದ. ಆಗಲೇ ತುದಿ ಬೆಳ್ಳಗಾಗಿತ್ತು. “ಏನಿಲ್ಲ ಬಿಡು, ಸ್ವಲ್ಪ ಬಿಸಿ ತಾಗ್ತು” ಅಂದ. ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ. ಅವನು ಕಿರುಚಿಕೊಂಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅದೇ ವಾರ ಡ್ರೈವಿಂಗ್ ಶಾಲೆಯ ಟೀಚರಮ್ಮ ಬಂದರು. ಮಳೆಗಾಲಕ್ಕೆ ಮುಂಚೆ ಅವರ ಬಿಳಿ ಕಾರಿನ ಬಾನೆಟ್ಟಿಗೆ ಅಣ್ಣ ಕಾರ್ಬನ್ ಹಾಳೆ ಹಾಕಿಕೊಟ್ಟಿದ್ದ. ಈಗ ಅಂಚಿನಲ್ಲಿ ಹಾಳೆ ಉಬ್ಬಿತ್ತು. “ನೋಡ್ರೀ, ಕಲಿಯೋಕೆ ಬಂದ ಹುಡುಗರು ಸರದಿ ಕಾಯ್ತಾ ಗಾಡಿ ಮುಂದೆ ನಿಂತು ಇದನ್ನೇ ಕೀಳ್ತಾ ಇರ್ತಾರೆ” ಅಂದರು. ಹಾಳೆಯದೇ ದೋಷ ಇರಬೇಕು ಅನ್ನುತ್ತಾ ಅಣ್ಣ ಮೂಲೆ ಹಿಡಿದು ಸುಲಿದ.

ಹಾಳೆಯ ಕೆಳಗೆ, ಬಾನೆಟ್ಟಿನ ಅಂಚಿನುದ್ದಕ್ಕೂ ಒಂದು ಗೆರೆ. ಬ್ಲೇಡ್ ಬಣ್ಣವನ್ನು ಸೀಳಿ ತಗಡಿನವರೆಗೆ ಇಳಿದಿತ್ತು. ಒಳಗೆ ನೀರು ಹೋಗಿ ಗೆರೆಯ ಎರಡೂ ಬದಿಗೆ ತುಕ್ಕು ಹಬ್ಬಿತ್ತು. ಎಲ್ಲೂ ಒಂದು ಕೂದಲೆಳೆಯಷ್ಟು ಸೊಟ್ಟಗಿರಲಿಲ್ಲ, ಅದು ಅಣ್ಣನದೇ ಕೈ.

“ಇದು ಯಾರು ಕೊಯ್ದಿದ್ದು?” ಟೀಚರಮ್ಮ ಕೇಳಿದರು.

ಅಣ್ಣ ಮೊದಲು ಬ್ಲೇಡಿನ ಕಂಪನಿಗೆ ಬೈದ. ಆಮೇಲೆ ಕಾರಿನ ಬಣ್ಣವೇ ತೆಳು ಅಂದ. ಕೊನೆಗೆ, ಪಕ್ಕದಲ್ಲಿ ಮೆಷಿನ್ ಗಡಗಡ ಅನ್ನುತ್ತಿದ್ದರೆ ಕೈ ಹೇಗೆ ನಿಲ್ಲುತ್ತದೆ ಅಂತ ನನ್ನ ಮೇಲೇ ಹಾರಿದ. ಟೀಚರಮ್ಮ ಎಲ್ಲ ಕೇಳಿಸಿಕೊಂಡು, “ಸರಿಮಾಡಿ ಕೊಡಿ, ಅಷ್ಟು ಸಾಕು” ಎಂದು ಕಾರನ್ನು ಬಿಟ್ಟು ಹೋದರು. ನಾನು ಮೆಷಿನ್ ಬಿಟ್ಟು ಎದ್ದು ಶೆಡ್ಡಿನ ಬಾಗಿಲು ಮುಂದೆ ಮಾಡಿದೆ.

“ಕಣ್ಣು ಮುಚ್ಚು” ಅಂದೆ.

“ಏನೇ ಇದು ಮಕ್ಕಳಾಟ?”

“ಮುಚ್ಚು ಅಂದೆ. ಊರಿಗೆಲ್ಲ ಮುಚ್ಚಿ ತೋರಿಸ್ತೀಯಲ್ಲ, ನನಗೂ ತೋರಿಸು.”

ಮುಚ್ಚಿದ. ಒಂದು ಕೈಗೆ ಅವನ ಕಾರ್ಬನ್ ಹಾಳೆಯ ತುಂಡು, ಇನ್ನೊಂದಕ್ಕೆ ನನ್ನ ನುಣುಪು ರೆಕ್ಸಿನ್ನಿನ ತುಂಡು ಕೊಟ್ಟೆ. “ಕಾರ್ಬನ್ ಯಾವುದು ಹೇಳು.”

ಅವನು ಬೆರಳಾಡಿಸಿದ. ಮತ್ತೆ ಆಡಿಸಿದ. ಹೆಬ್ಬೆರಳಲ್ಲಿ ಉಜ್ಜಿದ. ಜಂಭದ ಮುಖ ನಿಧಾನವಾಗಿ ಸಣ್ಣದಾಗುತ್ತಾ ಬಂತು. ಕಣ್ಣು ತೆರೆಯಲೇ ಇಲ್ಲ.

“ಎರಡೂ ಒಂದೇ ಥರ ಇವೆ” ಅಂದ.

ನನಗೆ ಅಳು ಬಂತು. ಬೈಯಬೇಕೆಂದು ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. “ಯಾವಾಗಿಂದ ಅಣ್ಣಾ?”

“ಗೊತ್ತಿಲ್ಲ. ಮೊದಲು ಜುಮ್ ಅಂತಿತ್ತು, ಆಮೇಲೆ ಅದೂ ನಿಂತೋಯ್ತು. ಕಣ್ಣು ಮುಚ್ತೀನಿ, ಏನೂ ಬರಲ್ಲ. ಜನ ನೋಡ್ತಾ ನಿಂತಿರ್ತಾರಲ್ಲ, ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಮುಚ್ಕೊಂಡೇ ಇರ್ತೀನಿ.” ಎರಡೂ ತುಂಡುಗಳನ್ನು ನನ್ನ ಕೈಗೆ ಕೊಟ್ಟು, “ಇನ್ನೂ ಎಷ್ಟು ಗಾಡಿಗೆ ಹೀಗೆ ಕೊಯ್ದಿದೀನೋ. ರಸ್ತೆಯಲ್ಲಿ ನನ್ನ ಹಾಳೆ ಇರೋ ಕಾರು ಕಂಡ್ರೆ ಈಗ ಮುಖ ತಿರುಗಿಸ್ಕೋತೀನಿ” ಅಂದ.

ಡಾಕ್ಟರ ಬಳಿ ಎಳೆದುಕೊಂಡು ಹೋದವಳು ಅತ್ತಿಗೆ, ಹಿಂದೆ ಹೋದವಳು ನಾನು. ಸಕ್ಕರೆ ಕಾಯಿಲೆಯಿಂದ ಬೆರಳಿನ ನರ ಕೆಟ್ಟಿವೆ, ಹೋದ ಸ್ಪರ್ಶ ವಾಪಸ್ ಬರುವುದು ಕಷ್ಟ ಎಂದರು ಡಾಕ್ಟರು. ಮಾತ್ರೆ ಬಿಡದೆ ತೆಗೆದುಕೊಂಡರೆ ಉಳಿದದ್ದನ್ನಾದರೂ ಉಳಿಸಿಕೊಳ್ಳಬಹುದಂತೆ. ಸುಟ್ಟ ಬೆರಳು ಕೀವು ಕಟ್ಟಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ತುದಿಯನ್ನೇ ತೆಗೆಯಬೇಕಾಗುತ್ತಿತ್ತು ಎಂದೂ ಹೇಳಿದರು. ಬ್ಲೇಡ್ ಮುಟ್ಟುವಂತಿಲ್ಲ, ಗ್ಲೌಸ್ ಇಲ್ಲದೆ ಬಿಸಿ ಮುಟ್ಟುವಂತಿಲ್ಲ. ಅತ್ತಿಗೆ ಅಲ್ಲೇ ಅತ್ತಳು. ಅಣ್ಣ ಗೋಡೆಯ ಮೇಲಿದ್ದ ನರಗಳ ಚಿತ್ರವನ್ನೇ ನೋಡುತ್ತಾ ಕೂತಿದ್ದ.

ಆಮೇಲೆ ಅವನು ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಹಾಳೆ ಹಾಕಿಸಿಕೊಂಡವರಿಗೆಲ್ಲ ತಾನೇ ಫೋನ್ ಮಾಡಲು ಕೂತ. “ಬ್ಲೇಡ್ ಜಾಸ್ತಿ ಇಳಿದಿರಬಹುದು, ಒಂದ್ಸಲ ತಂದು ತೋರಿಸಿ.” ಕೆಲವರು ಬಂದರು. ಕೆಲವರು ಬಾಯಿಗೆ ಬಂದಂತೆ ಬೈದರು. ಟೈರಿನವನು, “ಯಾರಿಗೂ ಕಾಣದ್ದನ್ನ ನೀನೇ ಯಾಕಪ್ಪಾ ಕೆದಕ್ತೀಯಾ?” ಅಂದ. ಅಣ್ಣ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವು ಕಾರುಗಳಲ್ಲಿ ಗೆರೆ ಇತ್ತು, ಕೆಲವುಗಳಲ್ಲಿ ಇರಲಿಲ್ಲ. ಇಲ್ಲದ್ದನ್ನು ಕಂಡಾಗಲೂ ಅವನು ನಗಲಿಲ್ಲ.

ಬೆರಳು ವಾಸಿಯಾಗುವ ಹೊತ್ತಿಗೆ ಟೀಚರಮ್ಮನ ಬಾನೆಟ್ಟಿಗೆ ಹೊಸ ಬಣ್ಣ ಬಿದ್ದು ಬಂತು. ಅವತ್ತು ಅವರು ಸ್ಟೂಲ್ ಎಳೆದುಕೊಂಡು ನೋಡುತ್ತಾ ಕೂತರು. ನಾನು ತಂದಿಟ್ಟಿದ್ದ ದಾರದ ಪಟ್ಟಿಯನ್ನು ಅಣ್ಣ ಮಾತಿಲ್ಲದೆ ಬಿಚ್ಚಿ, ಅಂಚಿನುದ್ದಕ್ಕೂ ಅಂಟಿಸಿದ. ಹಾಳೆ ಕೂರಿಸಿದ. ಗ್ಲೌಸಿನ ಕೈಯಲ್ಲಿ ಹೀಟ್ ಗನ್ ಹಿಡಿದ. ಕಣ್ಣಲ್ಲಿ ಕಣ್ಣಿಟ್ಟು ಮಾಡಿದ, ಚೆನ್ನಾಗಿಯೇ ಕೂತಿತು.

ಇನ್ನು ದಾರ ಎಳೆಯುವುದೊಂದು ಬಾಕಿ. ಗ್ಲೌಸ್ ತೆಗೆದು ತುದಿ ಹುಡುಕಿದ. ಕಪ್ಪು ಹಾಳೆಯ ಅಡಿಯಿಂದ ಇಣುಕಿದ್ದ ಸಣ್ಣ ದಾರ. ಬೆರಳು ಅದರ ಮೇಲೆಯೇ ಹಾದುಹೋಯಿತು. ತಿರುಗಿ ಬಂದು ಮತ್ತೆ ಹಾದುಹೋಯಿತು. ರೂಢಿಯಂತೆ ಅವನ ಕಣ್ಣು ಮುಚ್ಚಿಕೊಂಡಿತು. ನಾನು ಮೆಷಿನ್ ನಿಲ್ಲಿಸಿದೆ. ಎದ್ದು ಹೋಗಿ ಹಿಡಿದುಕೊಡಬೇಕು ಅನ್ನಿಸಿತು. ಪರರೆದುರು ಅವನ ಮಾನ ತೆಗೆಯಲು ಮನಸ್ಸು ಬರಲಿಲ್ಲ.

ಅವನೇ ಕಣ್ಣು ತೆರೆದ. “ತಂಗಿ, ಈ ದಾರದ ತುದಿ ಎಲ್ಲಿದೆ ಸ್ವಲ್ಪ ನೋಡೇ.”

ಅವನು ಕೆಲಸದಲ್ಲಿ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಹೋಗಿ ಅವನ ಹೆಬ್ಬೆರಳು ತೋರುಬೆರಳುಗಳ ನಡುವೆ ದಾರವನ್ನಿಟ್ಟು ಒತ್ತಿದೆ. “ಸಿಕ್ತಾ ಅಣ್ಣಾ?”

ಅವನು ತನ್ನ ಬೆರಳುಗಳನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ.

“ಅದನ್ನ ನೀನೇ ಹೇಳ್ಬೇಕು ಕಣೇ.”

“ಸಿಕ್ಕಿದೆ, ಎಳಿ” ಅಂದೆ.