ನಾ ಮಾಡಿಸಿದ ಸಿಮೆಂಟ್ ಗಿಲಾವು

ನಮ್ಮ ಸಾಲಿ ಗೋಡಿಗೆ ಬೆನ್ನು ಹಚ್ಚಿ ಕುಂತ್ರ ಅಂಗಿಗೆಲ್ಲಾ ಸುಣ್ಣ ಬಳಕೋತಿತ್ತು. ಧಾರವಾಡದಾಗ ಕಲ್ಲು, ಮಣ್ಣು, ಸುಣ್ಣದಲೆ ಕಟ್ಟಿದ ನಾಕು ಖೋಲಿ ಹಳೇ ಸಾಲಿ ಅದು. ನಾ ಕಲತದ್ದೂ ಅಲ್ಲೇ, ಮುಂದ ಮಾಸ್ತರಕಿ ಮಾಡಿದ್ದೂ ಅಲ್ಲೇ. ರಿಟೈರ್ ಆಗೂಕಿಂತ ಮೊದಲ ಹಳೇ ವಿದ್ಯಾರ್ಥಿಗಳನ್ನ ಕೂಡಿಸಿ, ನಾನ ಮುಂದ ನಿಂತು, ಆ ಸುಣ್ಣ ಕಿತ್ತಿಸಿ ಒಳಗೋಡಿಗೆಲ್ಲಾ ಸಿಮೆಂಟ್ ಗಿಲಾವು ಮಾಡಿಸಿದೆ. ಮ್ಯಾಲ ಎಣ್ಣಿ ಬಣ್ಣ. ಒರಸಿದ್ರ ಫಳಫಳ! ಆವತ್ತ ನಾ ಬೀಗಿದ್ದೇನು ಕೇಳ್ತೀರಿ!

ಎರಡು ಮಳಿಗಾಲ ದಾಟೂದರಾಗ ಗೋಡಿ ಬೆವರಾಕತ್ತು, ಬಣ್ಣ ಹಪ್ಪಳದಂಗ ಉಬ್ಬಿತು. ಈ ವರ್ಷ ಇಂಜಿನಿಯರ್ ಬಂದು ನೋಡಿ ಮಾರಿ ಗಂಟ ಹಾಕಿದ್ರು.

"ಒಳಗಿನ ಮಣ್ಣು ಕರಗೇದ ಅನಸ್ತದ ಬಾಯಾರ. ಸೋಮವಾರ ವರದಿ ಬರೀತೇನಿ, ಕೆಡವಬೇಕಂತ. ಅಷ್ಟರಾಗ ಸುಣ್ಣದ ಕೆಲಸ ಬಲ್ಲ ಗೌಂಡಿ ಸಿಕ್ಕು, ಗೋಡಿ ಗಟ್ಟಿ ಅದಾವ ಅಂತ ತೋರಿಸಿದ್ರ ಮಾತ್ರ ದುರಸ್ತಿ ಅಂತ ಬರೀತೇನಿ. ಯಾರ ಹಚ್ಚಿಸಿದ್ರೋ ಏನೋ ಈ ಸಿಮೆಂಟ್!"

ಹಚ್ಚಿಸಿದಾಕಿ ನಾನ ಅಂತ ಹೇಳಲಿಲ್ಲ. ಅವತ್ತಿನಿಂದ ಕುಂತಲ್ಲಿ ಕೂಡಾಕ ಆಗಲಿಲ್ಲ. ಹುಬ್ಬಳ್ಳಿಗೆ ಹೋಗಿ ಗೋಕುಲ ರಸ್ತೆದ ಸಿಮೆಂಟ್-ಉಸುಕಿನ ಅಂಗಡಿ ಅಂಗಡಿ ತಿರಗಿ, ಸುಣ್ಣದ ಗೌಂಡಿ ಯಾರರ ಇದ್ದಾರೇನು ಅಂತ ಕೇಳಿದೆ. "ಸುಣ್ಣಾ? ಎಲಿ ಅಡಿಕಿಗೇನ್ರಿ ಬಾಯಾರ?" ಅಂತ ಒಬ್ಬ ಹಲ್ಲು ಕಿಸದ. ಹಲ್ಲ ಉದುರಸಬೇಕು ಅನಿಸ್ತು. ಆದ್ರ ಗರಜು ನಂದು. ಕಡೀಕ ಅಲ್ಲಿ ಉಸುಕು ಇಳಸೋ ಹಮಾಲ ಒಬ್ಬ, ಶಿರಗುಪ್ಯಾಗ ಒಬ್ಬ ಮುದುಕ ಗೌಂಡಿ ಇದ್ದಾನ ಅಂದ. ಬಸ್ಸು ಹಿಡದು ಹೋಗಿ, ಕೈ ಮುಗದು, ಅವನ್ನ ಒಪ್ಪಿಸಿ ಬಂದೆ.

ಸೋಮವಾರ ಹೊತ್ತಿಗೆ ಸರಿಯಾಗಿ ಆ ಗೌಂಡಿ ಕಾಕಾ ಉಳಿ, ಸುತ್ತಿಗಿ, ಒಂದು ಉದ್ದನ್ನ ಮೊಳಿ ತಗೊಂಡು ಬಂದ. ಇಂಜಿನಿಯರೂ ಬಂದಿದ್ರು.

"ಮಣ್ಣಿನ ಗೋಡಿ ಮಳ್ಯಾಗ ನೀರು ಕುಡೀತದ, ಬಿಸಲಾಗ ಬಿಡ್ತದ," ಅಂದ ಕಾಕಾ. "ಸಿಮೆಂಟ್ ಹಚ್ಚಿ ಅದರ ಬಾಯಿ ಮುಚ್ಯಾರ. ನೀರ ಎಲ್ಲಿಗೆ ಹೋಗಬೇಕ್ರಿ? ಖೋಲಿಗೊಂದು ಕಡೆ ಸಿಮೆಂಟ್ ಒಡದು, ಕಲ್ಲಿನ ಸಂದ್ಯಾಗ ಮೊಳಿ ಬಡದು ನೋಡೋಣು. ನಿಂತ್ರ ಗೋಡಿ ಉಳೀತು. ಒಳಗ ಹೋತು ಅಂದ್ರ ಹೋತು."

ಮೊದಲನೇ ಖೋಲ್ಯಾಗ ಮೊಳಿ ಟಣ್ ಅಂದು ನಿಂತ್ಕೊಂತು. ನಾ ಸೆರಗ ಬಾಯಿಗೆ ಒತ್ಕೊಂಡೆ. ಎರಡನೇದರಾಗೂ ನಿಂತಿತು. ಮೂರನೇದರಾಗ ಮೊಳಿ ಒಂದು ಬೆರಳಷ್ಟು ಒಳಗ ಹೋತು. ಅಯ್ಯ ಶಿವನೇ, ಮುಗೀತು ಅನಕೊಂಡೆ. ಅಷ್ಟಕ್ಕ ನಿಂತಿತು. "ಇದಕ್ಕೇನ ಆಗಿಲ್ಲ," ಅಂದ ಕಾಕಾ. ಇಂಜಿನಿಯರ್ ವಹಿಯೊಳಗ ಮೂರು ಸಲ ದುರಸ್ತಿ ಅಂತ ಬರದದ್ದು ನಾ ಕಣ್ಣಾರೆ ನೋಡೇನಿ.

ನಾಕನೇದು ಒಂದನೇತ್ತಾದ ಖೋಲಿ, ನಾ ಅಕ್ಷರ ಕಲತದ್ದು. ಅಲ್ಲಿ ಸಿಮೆಂಟ್ ಒಡ್ಯಾಕ ಕಾಕಾಗ ಭಾಳ ಹೊತ್ತು ಹಿಡೀತು. ಆಮ್ಯಾಲ ಮೊಳಿ ಇಟ್ಟ. ಸುತ್ತಿಗಿ ಹೊಡೀಲೇ ಇಲ್ಲ, ಬರೇ ಹೆಬ್ಬೆಟ್ಟಲೆ ಒತ್ತಿದ. ಅದು ತಲಿತನಕಾ ಇಳೀತು. ಸಂದ್ಯಾಗಿಂದ ಕೆಸರು ಬಂತು.

"ಇದನ್ನ ಕೆಡವಬೇಕ್ರಿ," ಅಂದ. ಇಂಜಿನಿಯರ್ ಬರಕೊಂಡ್ರು.

ಕಾಕಾ ಒಡದ ಸಿಮೆಂಟಿನ ತುಂಡು ಕೈಯಾಗ ಹಿಡದು, ಅದರ ದಪ್ಪ ನೋಡಿ ತಲಿ ತೂಗಿದ.

"ಉಳದ ಖೋಲ್ಯಾಗ ಹಿಂಗಿಲ್ಲಲ್ರಿ. ಎಷ್ಟು ಗಟ್ಟಿ ಮಾಡ್ಯಾರ! ಯಾರ್ರಿ ನಿಂತು ಮಾಡಿಸಿದವ್ರು?"

"ನಾನ್ರಿ ಕಾಕಾ," ಅಂದೆ. "ಈ ಖೋಲಿ ಮ್ಯಾಲ ಮಾಯಾ-ಪ್ರೀತಿ ಭಾಳ ಇತ್ತು. ಅದಕ್ಕ ಇದಕ್ಕೊಂದಕ್ಕ ಎರಡು ಸಲ ಹಚ್ಚಿಸಿದೆ."